ವಸಂತದ ಎರಡು ಅಳತೆಗಳು

ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ಅರಸರು, ದಂಡನಾಯಕರು. ನೆನಪಿಗೆ ಬರುವುದು ಯುದ್ಧಗಳು, ಸಂಧಿಗಳು, ಶಾಸನಗಳು. ಒಂದು ಹೊಲದಲ್ಲಿ ಯಾವ ವರ್ಷ ಯಾವ ದಿನ ಮೊದಲ ಹೂ ಬಿರಿಯಿತು, ಯಾವ ಸಂಜೆ ಯಾವ ಹಕ್ಕಿ ಬಂದಿಳಿಯಿತು, ಆ ಹೊಲದ ಒಡೆಯನೂ ಒಡತಿಯೂ ಸೇರಿ ಆ ವಾರ ಎಷ್ಟು ಸಸಿ ನೆಟ್ಟರು ಎಂಬ ಸಂಗತಿಗಳು ಚರಿತ್ರೆಯ ಪುಟಗಳಿಗೆ ಏರಿಯಾವೆಂದು ನಾವು ಸಾಮಾನ್ಯವಾಗಿ ಎಣಿಸುವುದಿಲ್ಲ. ಆದರೆ ಅಂಥ ಒಂದು ಮನೆಲೆಕ್ಕ ಅರುವತ್ತು ವರ್ಷಗಳ ಬಳಿಕ ಜಗತ್ತಿನ ವಿಜ್ಞಾನಿಗಳು ಮುಂದಿಟ್ಟುಕೊಂಡು ಓದುವ ದಾಖಲೆಯಾಯಿತು. ಆ ಲೆಕ್ಕವನ್ನು ಬರೆದಿಟ್ಟ ದಂಪತಿಗಳ ಕಥೆಯನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಗಂಡನ ಹೆಸರು ಆಲ್ಡೋ ಲಿಯೊಪೋಲ್ಡ್. ಹೆಂಡತಿಯ ಹೆಸರು ಎಸ್ಟೆಲ್ಲಾ. ಆಲ್ಡೋ ಹುಟ್ಟಿದ್ದು 1887ರಲ್ಲಿ, ಅಮೆರಿಕದ ಅಯೋವಾ ಸಂಸ್ಥಾನದಲ್ಲಿ, ಮಿಸಿಸಿಪಿ ನದಿಯ ದಡದ ಬರ್ಲಿಂಗ್ಟನ್ ಎಂಬ ಊರಿನಲ್ಲಿ. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅರಣ್ಯಶಾಸ್ತ್ರವನ್ನು ಓದಿ, 1909ರಲ್ಲಿ ಸರ್ಕಾರದ ಅರಣ್ಯ ಇಲಾಖೆಯನ್ನು ಸೇರಿ, ನೈಋತ್ಯ ಭಾಗದ ಆರಿಜೋನಾ ಮತ್ತು ನ್ಯೂ ಮೆಕ್ಸಿಕೋ ಪ್ರಾಂತಗಳ ಕಾಡುಗಳಲ್ಲಿ ಕೆಲಸ ಮಾಡಿದರು. ಅಲ್ಲಿಯೇ, ಸಾಂತಾ ಫೇ ನಗರದಲ್ಲಿ, 1912ರ ಅಕ್ಟೋಬರಿನಲ್ಲಿ ಎಸ್ಟೆಲ್ಲಾ ಬರ್ಜೀರ್ ಅವರನ್ನು ಮದುವೆಯಾದರು. ಎಸ್ಟೆಲ್ಲಾ ಅವರ ತಾಯಿಯ ಕಡೆಯವರು ಆ ಸೀಮೆಯಲ್ಲಿ ತಲೆಮಾರುಗಳಿಂದ ದೊಡ್ಡ ಕುರಿಮಂದೆಗಳನ್ನು ಸಾಕಿದ ಸ್ಪ್ಯಾನಿಷ್ ಮೂಲದ ಮನೆತನ. ಈ ದಂಪತಿಗಳಿಗೆ ಐವರು ಮಕ್ಕಳು: ಸ್ಟಾರ್ಕರ್, ಲೂನಾ, ನೀನಾ, ಕಾರ್ಲ್, ಮತ್ತು ತಾಯಿಯ ಹೆಸರನ್ನೇ ಹೊತ್ತ ಕಿರಿಯ ಮಗಳು ಎಸ್ಟೆಲ್ಲಾ. 1924ರಲ್ಲಿ ಕುಟುಂಬ ಉತ್ತರದ ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರಕ್ಕೆ ಬಂದು ನೆಲಸಿತು. 1933ರಲ್ಲಿ ಲಿಯೊಪೋಲ್ಡರು ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ವನ್ಯಪ್ರಾಣಿ ನಿರ್ವಹಣೆಯ ಪ್ರಾಧ್ಯಾಪಕರಾದರು.

ಅವರು ಭೂಮಿಯನ್ನು ಕೊಂಡದ್ದು 1935ರಲ್ಲಿ. ಮ್ಯಾಡಿಸನ್ನಿನಿಂದ ಸುಮಾರು ಐವತ್ತು ಮೈಲಿ ದೂರದಲ್ಲಿ, ವಿಸ್ಕಾನ್ಸಿನ್ ನದಿಯ ದಂಡೆಯ ಮೇಲೆ, ಬಾರಬೂ ಎಂಬ ಪಟ್ಟಣದ ಬಳಿ ಇದ್ದ 80 ಎಕರೆಯ ಜಮೀನು ಅದು. ಕೊಳ್ಳುವವನಿಗೆ ಲಾಭ ತರುವ ಭೂಮಿ ಅದಾಗಿರಲಿಲ್ಲ. ಅಮೆರಿಕದ ಅಂತರ್ಯುದ್ಧ ಮುಗಿದ ಕಾಲದಿಂದ ಆ ಪ್ರದೇಶದ ಮರಳುಮಿಶ್ರಿತ ನೆಲದಲ್ಲಿ ಗೋಧಿ ಬೆಳೆದರು; ಗೋಧಿ ಸೋತಾಗ ಜೋಳ ಬೆಳೆದರು, ದನ ಮೇಯಿಸಿದರು. ನೆಲಕ್ಕೆ ಮರಳಿ ಕೊಟ್ಟದ್ದು ಕಡಮೆ, ಪಡೆದದ್ದು ಹೆಚ್ಚು. ಕೊನೆಯಲ್ಲಿ ಅದು ಕಳ್ಳಭಟ್ಟಿ ಕಾಯಿಸುವವನೊಬ್ಬನ ಕೈಸೇರಿತು. ಅವನು ಅಳಿದುಳಿದ ಸಾರವನ್ನೂ ಹೀರಿ, ವಾಸದ ಮನೆಯನ್ನು ಸುಟ್ಟು, ಕಂದಾಯ ಬಾಕಿಯ ಸಮೇತ ಭೂಮಿಯನ್ನು ಜಿಲ್ಲಾಡಳಿತದ ಮಡಿಲಿಗೆ ಎಸೆದು, ಆರ್ಥಿಕ ಮಹಾಕುಸಿತದ ದಿನಗಳ ಜನಸಂದಣಿಯಲ್ಲಿ ಮರೆಯಾದ. ಆ ಜಮೀನಿನಲ್ಲಿ ನಿಂತಿದ್ದ ಕಟ್ಟಡ ಒಂದೇ, ಗೊಬ್ಬರ ತುಂಬಿದ್ದ ಒಂದು ಹಳೆಯ ಕೋಳಿಮನೆ.

ಲಿಯೊಪೋಲ್ಡ್ ಕುಟುಂಬ ಆ ಕೋಳಿಮನೆಯ ಗೊಬ್ಬರವನ್ನು ಬಾಚಿ ತೆಗೆದು, ಗೋಡೆಗೆ ಹಲಗೆ ಹೊಡೆದು, ಒಂದು ಅಗ್ಗಿಷ್ಟಿಕೆಯನ್ನು ಕಟ್ಟಿ, ಮಲಗುವುದಕ್ಕೆ ಅಟ್ಟಣೆಗಳನ್ನು ಹಾಕಿಕೊಂಡಿತು. ಅದನ್ನು ಅವರು 'ಶ್ಯಾಕ್' ಎಂದು ಕರೆದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಗುಡಿಸಲು. ವಿದ್ಯುತ್ತಿಲ್ಲ, ನಲ್ಲಿಯಿಲ್ಲ. ವಾರದ ಕೊನೆಯ ದಿನಗಳನ್ನೂ ರಜೆಯ ದಿನಗಳನ್ನೂ ಅವರು ಅಲ್ಲಿ ಕಳೆದರು. 1935ರಿಂದ 1948ರವರೆಗಿನ ಹದಿಮೂರು ವರ್ಷಗಳ ಅವರ ದುಡಿಮೆಯಲ್ಲಿ ಅತ್ಯಂತ ಬಿಡುವಿಲ್ಲದ ಕಾಲ ವಸಂತದ ಮೊದಲ ದಿನಗಳು.

ಇಲ್ಲಿ ಆ ನಾಡಿನ ವಸಂತದ ಬಗೆಗೆ ಒಂದೆರಡು ಮಾತು ಹೇಳುವುದು ಅವಶ್ಯ. ನಮ್ಮಲ್ಲಿ ವಸಂತವೆಂದರೆ ಸುಗ್ಗಿ ಮುಗಿದು, ಬಿಸಿಲೇರಿ, ಎಲೆಯುದುರಿಸಿದ ಮುತ್ತುಗ ಕೆಂಪಗೆ ಹೂತು, ಹೊಂಗೆ ಚಿಗುರಿ, ಮಾವು ಮಿಡಿಗಟ್ಟುವ ಕಾಲ. ವಿಸ್ಕಾನ್ಸಿನ್ನಿನಲ್ಲಿ ನಾಲ್ಕು ತಿಂಗಳು ನೆಲ ಹೆಪ್ಪುಗಟ್ಟಿ, ಕೆರೆ ನದಿಗಳ ಮೇಲೆ ಹಿಮದ ಮುಚ್ಚಳ ಬಿದ್ದಿರುತ್ತದೆ. ಮಾರ್ಚ್ ತಿಂಗಳಲ್ಲಿ ಆ ಮುಚ್ಚಳ ಬಿರಿಯುತ್ತದೆ. ಏಪ್ರಿಲಿನಲ್ಲಿ ಕರಗಿದ ಹಿಮದ ನೀರು ನದಿಯನ್ನು ಉಕ್ಕಿಸಿ ದಾರಿಗಳನ್ನು ಮುಳುಗಿಸುತ್ತದೆ. ಅಲ್ಲಿನ ವಸಂತದಲ್ಲಿ ಬಿಸಿಲು, ಮಳೆ, ಹಿಮ ಮೂರೂ ಒಂದೇ ವಾರದಲ್ಲಿ ಬಂದು ಹೋಗುವುದುಂಟು. ನೆಲ ಸಡಿಲಗೊಂಡು ಬೇಸಗೆಯ ಒಣಗು ತಟ್ಟುವುದಕ್ಕೆ ಮುಂಚಿನ ಕೆಲವೇ ವಾರಗಳು ಸಸಿ ನೆಡುವುದಕ್ಕೆ ತಕ್ಕ ಕಾಲ. ನಮ್ಮ ರೈತರು ಮಳೆ ನಕ್ಷತ್ರವನ್ನು ನೋಡಿ ಬಿತ್ತನೆಗೆ ಅಣಿಯಾಗುವಂತೆ, ಅಲ್ಲಿನವರು ಮಂಜು ಕರಗುವುದನ್ನು ಕಾದು ಸಲಿಕೆ ಹಿಡಿಯುತ್ತಾರೆ.

ಚಳಿಗಾಲದ ಕೊನೆಗೆ ಸೌದೆಯ ಕೆಲಸ. ಸಿಡಿಲು ಬಡಿದು ಸತ್ತ ಒಂದು ಓಕ್ ಮರವನ್ನು ಗಂಡ ಹೆಂಡತಿ ಉದ್ದನೆಯ ಗರಗಸದ ಎರಡು ತುದಿ ಹಿಡಿದು ಕೊಯ್ದ ಪ್ರಸಂಗ ಲಿಯೊಪೋಲ್ಡರ ಬರವಣಿಗೆಯಲ್ಲಿ ಬರುತ್ತದೆ. ಆ ಕೆಲಸದಲ್ಲಿ ಮುಖ್ಯಸ್ಥೆ ಹೆಂಡತಿ. ದಣಿವಾರಿಸಿಕೊಳ್ಳಲು ನಿಲ್ಲಿಸುವ ಆಜ್ಞೆ ಆಕೆಯದು. ಮರದ ಕಾಂಡದಲ್ಲಿ ಎಂಬತ್ತು ವಾರ್ಷಿಕ ಉಂಗುರಗಳಿದ್ದವು. ಅಂದರೆ ಅದು 1865ರಲ್ಲಿ, ಅಂತರ್ಯುದ್ಧ ಮುಗಿದ ವರ್ಷ, ಮೊಳೆತ ಸಸಿ. ಗರಗಸ ಒಂದೊಂದು ಉಂಗುರವನ್ನು ದಾಟುತ್ತ ಹೋದಂತೆ ಲಿಯೊಪೋಲ್ಡರು ವಿಸ್ಕಾನ್ಸಿನ್ನಿನ ಚರಿತ್ರೆಯನ್ನು ಹಿಂದು ಹಿಂದಕ್ಕೆ ಓದುತ್ತಾರೆ: ಯಾವ ವರ್ಷ ಯಾವ ಕಾನೂನು ಬಂದಿತು, ಯಾವ ವರ್ಷ ಯಾವ ಪ್ರಾಣಿಯ ಕೊನೆಯದು ಗುಂಡಿಗೆ ಬಲಿಯಾಯಿತು, ಯಾವ ವರ್ಷ ಬರ ಬಂದಿತು ಎಂದು. ಚರಿತ್ರೆಗೆ ಮರವನ್ನು ಸಾಕ್ಷಿಯಾಗಿ ನಿಲ್ಲಿಸಿದ ಬರವಣಿಗೆ ಅದು.

ಮಾರ್ಚಿನಲ್ಲಿ ಹೆಬ್ಬಾತುಗಳು ಬರುತ್ತವೆ. ದಕ್ಷಿಣದಲ್ಲಿ ಚಳಿಗಾಲ ಕಳೆದ ಕೆನಡಾ ಹೆಬ್ಬಾತುಗಳು ಉತ್ತರದ ತಮ್ಮ ಮರಿಮಾಡುವ ನೆಲೆಗಳಿಗೆ ಹೋಗುವ ದಾರಿಯಲ್ಲಿ ಆ ಜಮೀನಿನ ಜೌಗಿನಲ್ಲಿ ಇಳಿಯುತ್ತಿದ್ದವು. ಕಾಲಕ್ಕೆ ಮೊದಲೇ ಹಾಡಿದ ಹಕ್ಕಿ ಮತ್ತೆ ಚಳಿ ಬಿದ್ದರೆ ಮೌನವಾಗಬಹುದು, ಹೊರಬಂದ ಅಳಿಲು ಮತ್ತೆ ಬಿಲ ಸೇರಬಹುದು. ಆದರೆ ಎಲ್ಲೋ ತೆರೆದ ನೀರು ಸಿಕ್ಕೀತೆಂದು ನಂಬಿ ಇನ್ನೂರು ಮೈಲಿಯ ಕತ್ತಲನ್ನು ದಾಟಿ ಬಂದ ಹೆಬ್ಬಾತಿಗೆ ಹಿಂದಿರುಗುವುದು ಸುಲಭವಲ್ಲ. ಆದುದರಿಂದ ಅದು ಬಂದಿತೆಂದರೆ ವಸಂತ ಬಂದಂತೆಯೇ, ಎಂಬುದು ಲಿಯೊಪೋಲ್ಡರ ಅಭಿಪ್ರಾಯ. ದಂಪತಿಗಳೂ ಮಕ್ಕಳೂ ಆ ಹಕ್ಕಿಗಳನ್ನು ಎಣಿಸಿದರು. ಒಟ್ಟು ಎಷ್ಟು ಎಂಬುದರ ಜೊತೆಗೆ ಒಂದೊಂದು ಗುಂಪಿನಲ್ಲಿ ಎಷ್ಟೆಷ್ಟು ಎಂಬುದನ್ನೂ ಬರೆದಿಟ್ಟರು. ಆರು ವರ್ಷ ಹೀಗೆ ಎಣಿಸಿದ ಮೇಲೆ ಒಂದು ಸತ್ಯ ಹೊರಬಿದ್ದಿತು. ಆರು ಅಥವಾ ಆರರ ಗುಣಕಗಳ ಸಂಖ್ಯೆಯ ಗುಂಪುಗಳು ಆಕಸ್ಮಿಕವೆನ್ನಲಾಗದಷ್ಟು ಹೆಚ್ಚಾಗಿದ್ದವು. ಹೆಬ್ಬಾತಿನ ಗುಂಪೆಂದರೆ ಒಂದು ಸಂಸಾರ, ಅಥವಾ ಕೆಲವು ಸಂಸಾರಗಳ ಕೂಟ. ವಸಂತದಲ್ಲಿ ಒಂಟಿಯಾಗಿ ಹಾರುತ್ತ ಕೂಗುವ ಹೆಬ್ಬಾತುಗಳು ಚಳಿಗಾಲದ ಬೇಟೆಯಲ್ಲಿ ತಮ್ಮವರನ್ನು ಕಳೆದುಕೊಂಡು ಉಳಿದವು ಎಂಬ ಊಹೆಗೆ ಆ ಅಂಕಿಗಳು ಆಧಾರವಾದವು. ಅವುಗಳ ಕೂಗಿನಲ್ಲಿ ದುಃಖವಿದೆಯೆಂದು ಕೇಳಿದವರಿಗೆ ಮೊದಲೇ ಅನ್ನಿಸಿದ್ದಿರಬಹುದು. ಕವಿ ಅಷ್ಟಕ್ಕೆ ನಿಲ್ಲುತ್ತಾನೆ, ನಿಲ್ಲಬಹುದು. ಲಿಯೊಪೋಲ್ಡರು ಎಣಿಸಿದ ಮೇಲೆಯೇ ಮರುಗಿದರು.

ಏಪ್ರಿಲಿನಲ್ಲಿ ನದಿ ಉಕ್ಕಿದಾಗ ಜಮೀನು ದ್ವೀಪವಾಗುತ್ತಿತ್ತು. ಪ್ರವಾಹ ಮೇಲಿನ ಊರುಗಳಿಂದ ಹಳೆಯ ಹಲಗೆಗಳನ್ನು ತೇಲಿಸಿ ತಂದು ದಡಕ್ಕೆ ಹಾಕುತ್ತಿತ್ತು. ಅವನ್ನು ಆಯ್ದು ಗುಡಿಸಲಿನ ದುರಸ್ತಿಗೆ ಬಳಸುವುದೂ ವಸಂತದ ಕೆಲಸಗಳಲ್ಲೊಂದು. ಅದೇ ತಿಂಗಳ ಮೊದಲ ಬೆಚ್ಚನೆಯ ಸಂಜೆ ವುಡ್‌ಕಾಕ್ ಎಂಬ, ಉದ್ದ ಕೊಕ್ಕಿನ, ತರಗೆಲೆಯ ಬಣ್ಣದ ಹಕ್ಕಿಯ ನೃತ್ಯ ಮೊದಲಾಗುತ್ತದೆ. ಗಂಡುಹಕ್ಕಿ ಬಯಲಿನಲ್ಲಿ ಕುಳಿತು ಒಂದು ಒರಟು ಸ್ವರವನ್ನು ಹೊರಡಿಸಿ, ಆಮೇಲೆ ಸುತ್ತು ಸುತ್ತಾಗಿ ಮೇಲೇರಿ, ಚುಕ್ಕೆಯಷ್ಟಾಗಿ, ಇನಿದಾದ ಚಿಲಿಪಿಲಿಯೊಡನೆ ಮತ್ತೆ ಹೊರಟ ಜಾಗಕ್ಕೇ ಇಳಿಯುತ್ತದೆ. ಲಿಯೊಪೋಲ್ಡರು ಈ ನೃತ್ಯದ ವೇಳಾಪಟ್ಟಿಯನ್ನೇ ಕೊಟ್ಟಿದ್ದಾರೆ: ಮೊದಲ ಸಂಜೆ 6 ಗಂಟೆ 50 ನಿಮಿಷಕ್ಕೆ, ಅಲ್ಲಿಂದ ಮುಂದೆ ದಿನಕ್ಕೆ ಒಂದು ನಿಮಿಷ ತಡವಾಗಿ, ಜೂನ್ ಒಂದರಂದು 7 ಗಂಟೆ 50 ನಿಮಿಷಕ್ಕೆ. ಹಕ್ಕಿ ನೋಡುವುದು ಗಡಿಯಾರವನ್ನಲ್ಲ, ಸಂಜೆಯ ಬೆಳಕನ್ನು. ಬೆಳಕು ಒಂದು ನಿಗದಿಯಾದ ಮಟ್ಟಕ್ಕೆ ಇಳಿದಾಗಲೇ ಅದು ಹಾರುತ್ತದೆ. ಸುತ್ತಲಿನ ಹೊಲಗಳ ಜನ ಮನರಂಜನೆಯನ್ನು ಹುಡುಕಿಕೊಂಡು ಪಟ್ಟಣದ ಚಿತ್ರಮಂದಿರಕ್ಕೆ ಹೋಗುತ್ತಿರುವಾಗ ಅವರವರ ಬಯಲಿನಲ್ಲಿಯೇ ಈ ನೃತ್ಯ ನಡೆಯುತ್ತಿತ್ತು ಎಂಬುದನ್ನು ಅವರು ಸ್ವಲ್ಪ ನಗುತ್ತಲೇ ಹೇಳಿದ್ದಾರೆ.

ಇವೆಲ್ಲದರ ನಡುವೆ ಸಸಿ ನೆಡುವ ಕೆಲಸ. 1936ರ ವಸಂತದಲ್ಲಿ ಅವರು ಮೊದಲ ಪೈನ್ ಸಸಿಗಳನ್ನು ನೆಟ್ಟರು. ಆ ಬೇಸಗೆ ಅಮೆರಿಕದ ನಡುನಾಡನ್ನೆಲ್ಲ ಸುಟ್ಟ ಭಯಂಕರ ಬರ ಬಂದು ಹೆಚ್ಚುಕಡಮೆ ಎಲ್ಲ ಸಸಿಗಳೂ ಸತ್ತವು. ಮರುವರ್ಷ ಮತ್ತೆ ನೆಟ್ಟರು; ಅದರ ಮರುವರ್ಷವೂ ನೆಟ್ಟರು. ಬರ, ಮೊಲ, ಜಿಂಕೆ, ಕಳೆ ಇವುಗಳಿಂದ ಸತ್ತದ್ದೆಷ್ಟು ಬದುಕಿದ್ದೆಷ್ಟು ಎಂಬುದನ್ನು ಬರೆದಿಟ್ಟರು. ಒಟ್ಟು ನಲವತ್ತು ಸಾವಿರಕ್ಕೂ ಹೆಚ್ಚು ಗಿಡಮರಗಳನ್ನು ಆ ಕುಟುಂಬ ಕೈಯಾರೆ ನೆಟ್ಟಿತು. ಹಿಂದೆ ಆ ಸೀಮೆಯಲ್ಲಿದ್ದ ಪ್ರೇರಿ ಎಂಬ ಹುಲ್ಲುಗಾವಲಿನ ಹೂಗಿಡಗಳನ್ನೂ ಹುಡುಕಿ ತಂದು ಹಚ್ಚಿತು.

ತಮ್ಮ ಹೊಲದಲ್ಲಿ ವಸಂತದ ಹಿರಿಮೆಯನ್ನು ಎರಡು ಅಳತೆಗೋಲುಗಳಿಂದ ಅಳೆಯುತ್ತೇವೆ ಎಂದು ಲಿಯೊಪೋಲ್ಡರು ಒಂದೆಡೆ ಹೇಳಿದ್ದಾರೆ. ಒಂದು, ತಾವು ನೆಟ್ಟ ಪೈನ್ ಸಸಿಗಳ ಸಂಖ್ಯೆ. ಇನ್ನೊಂದು, ಬಂದಿಳಿದ ಹೆಬ್ಬಾತುಗಳ ಸಂಖ್ಯೆ. 1946ರ ಏಪ್ರಿಲ್ 11ರಂದು ಎಣಿಸಿದ 642 ಹೆಬ್ಬಾತುಗಳು ಆ ಬರಹದ ಹೊತ್ತಿಗೆ ಅವರ ದಾಖಲೆಯ ಗರಿಷ್ಠ ಸಂಖ್ಯೆ. ಈ ಎರಡು ಅಳತೆಗಳ ಮಾತನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಮೊದಲನೆಯದು ಮನುಷ್ಯ ಮಾಡಿದ್ದು; ಎರಡನೆಯದು ಮನುಷ್ಯನಿಗೆ ದೊರೆತದ್ದು. ಒಂದು ದುಡಿಮೆಯ ಲೆಕ್ಕ, ಇನ್ನೊಂದು ಕೃಪೆಯ ಲೆಕ್ಕ ಎಂದರೂ ನಡೆದೀತು. ಬೇಸಾಯಗಾರನ ಲೆಕ್ಕದ ಪುಸ್ತಕದಲ್ಲಿ ಸಾಮಾನ್ಯವಾಗಿ ಮೊದಲನೆಯದಕ್ಕೆ ಮಾತ್ರ ಅಂಕಣವಿರುತ್ತದೆ. ಎರಡನ್ನೂ ಒಂದೇ ಪುಟದಲ್ಲಿ ಬರೆದುಕೊಂಡದ್ದು ಈ ದಂಪತಿಗಳ ವೈಶಿಷ್ಟ್ಯ.

ಹೀಗೆ ಋತುಚಿಹ್ನೆಗಳ ದಿನಾಂಕವನ್ನು ಗುರುತಿಡುವ ಪದ್ಧತಿಗೆ ಬೇರೆ ನಾಡುಗಳಲ್ಲಿ ಹಳೆಯ ಪರಂಪರೆಯಿದೆ. ಜಪಾನಿನ ಕ್ಯೋಟೋ ನಗರದಲ್ಲಿ ಅರಮನೆಯವರೂ ಸಂನ್ಯಾಸಿಗಳೂ ತಮ್ಮ ದಿನಚರಿಗಳಲ್ಲಿ ಬರೆದಿಟ್ಟ ಚೆರಿ ಹೂವಿನ ಉತ್ಸವದ ದಿನಗಳು ಒಂಬತ್ತನೆಯ ಶತಮಾನದಿಂದ ದೊರೆಯುತ್ತವೆ. ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರ 1736ರಲ್ಲಿ ಆರಂಭಿಸಿದ ವಸಂತದ ಟಿಪ್ಪಣಿಯನ್ನು ಅವನ ವಂಶಜರು 1958ರವರೆಗೆ ಮುಂದುವರಿಸಿದರು. ಅಮೆರಿಕದ ಕಾಂಕರ್ಡ್ ಊರಿನ ಹೆನ್ರಿ ಡೇವಿಡ್ ಥೋರೋ 1850ರ ದಶಕದಲ್ಲಿ ನೂರಾರು ಹೂಗಳು ಅರಳಿದ ದಿನವನ್ನು ಗುರುತಿಟ್ಟ. ಲಿಯೊಪೋಲ್ಡರು ಈ ಸಾಲಿಗೆ ಸೇರಿದವರು. 1935ರಿಂದ 1945ರವರೆಗಿನ ಹನ್ನೊಂದು ವರ್ಷಗಳ ಟಿಪ್ಪಣಿಗಳನ್ನು ಸಾರಾ ಎಲಿಜಬೆತ್ ಜೋನ್ಸ್ ಅವರೊಡನೆ ಕೂಡಿ 1947ರಲ್ಲಿ ಶಾಸ್ತ್ರೀಯ ಪ್ರಬಂಧವಾಗಿ ಪ್ರಕಟಿಸಿದರು.

ಮರುವರ್ಷದ ವಸಂತ ಅವರ ಕೊನೆಯ ವಸಂತವಾಯಿತು. ಗುಡಿಸಲಿನ ಅನುಭವಗಳನ್ನು ಹನ್ನೆರಡು ತಿಂಗಳ ಕ್ರಮದಲ್ಲಿ ಜೋಡಿಸಿ, ಭೂಮಿಯೊಡನೆ ಮನುಷ್ಯನಿಗೆ ಇರಬೇಕಾದ ನೀತಿಯನ್ನು ಕುರಿತ ಪ್ರಬಂಧಗಳನ್ನೂ ಸೇರಿಸಿ ಸಿದ್ಧಪಡಿಸಿದ್ದ ಹಸ್ತಪ್ರತಿಯನ್ನು ಪ್ರಕಾಶಕರು ಹಲವು ವರ್ಷ ಒಪ್ಪಿರಲಿಲ್ಲ. 1948ರ ಏಪ್ರಿಲ್ 14ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಮುದ್ರಣಾಲಯದಿಂದ ಒಪ್ಪಿಗೆಯ ದೂರವಾಣಿ ಕರೆ ಬಂದಿತು. ಅದಾದ ಒಂದು ವಾರಕ್ಕೆ, ಏಪ್ರಿಲ್ 21ರಂದು, ದಂಪತಿಗಳು ಕಿರಿಯ ಮಗಳೊಡನೆ ಗುಡಿಸಲಿನಲ್ಲಿದ್ದರು. ಸಸಿ ನೆಡುವ ಕಾಲ. ಪಕ್ಕದ ಜಮೀನಿನ ಕಡೆ ಹೊಗೆ ಕಾಣಿಸಿತು. ಒಣಹುಲ್ಲಿಗೆ ಹತ್ತಿದ ಬೆಂಕಿ ಜೌಗಿನ ಕಡೆಗೂ ತಮ್ಮ ಪೈನ್ ಮರಗಳ ಕಡೆಗೂ ಬರುತ್ತಿತ್ತು. ಮೂವರೂ ಆರಿಸುವ ಸಾಧನಗಳನ್ನು ತೆಗೆದುಕೊಂಡು ಓಡಿದರು. ಹೆಂಡತಿಯನ್ನೂ ಮಗಳನ್ನೂ ಬೇರೆ ಬೇರೆ ಕೆಲಸಗಳಿಗೆ ಹಚ್ಚಿ, ನೀರಿನ ಪಂಪನ್ನು ಹೊತ್ತು ಬೆಂಕಿಯ ಅಂಚಿನಲ್ಲಿ ಹೋಗುತ್ತಿದ್ದ ಲಿಯೊಪೋಲ್ಡರು ಹೃದಯಾಘಾತದಿಂದ ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ 61 ವರ್ಷ. ಮಗ ಲೂನಾ ಅವರ ಮೇಲ್ವಿಚಾರಣೆಯಲ್ಲಿ ಪುಸ್ತಕ 1949ರಲ್ಲಿ ಹೊರಬಂದಿತು. 'ಎ ಸ್ಯಾಂಡ್ ಕೌಂಟಿ ಆಲ್ಮನ್ಯಾಕ್' ಎಂಬ ಆ ಪುಸ್ತಕವನ್ನು ಅವರು ಪತ್ನಿ ಎಸ್ಟೆಲ್ಲಾಗೆ ಅರ್ಪಿಸಿದ್ದರು. ಆಲ್ಮನ್ಯಾಕ್ ಎಂದರೆ ಒಂದು ಬಗೆಯ ಪಂಚಾಂಗ. ಲಕ್ಷಾಂತರ ಪ್ರತಿಗಳು ಮಾರಾಟವಾಗಿ, ಅನೇಕ ಭಾಷೆಗಳಿಗೆ ಅನುವಾದಗೊಂಡು, ಪರಿಸರ ಚಿಂತನೆಯ ಮೂಲಗ್ರಂಥಗಳಲ್ಲಿ ಅದು ಒಂದೆನಿಸಿತು. ಎಸ್ಟೆಲ್ಲಾ ಅವರು 1975ರವರೆಗೆ ಬದುಕಿದ್ದರು.

ಗ್ರಂಥಕರ್ತನ ಚರಿತ್ರೆಯನ್ನು ಇಲ್ಲಿಗೆ ಮುಗಿಸಬಹುದು. ಭೂಮಿಯ ಚರಿತ್ರೆ ಮುಂದುವರಿಯುತ್ತದೆ. ಮಗಳು ನೀನಾ ಮತ್ತು ಆಕೆಯ ಗಂಡ, ಭೂವಿಜ್ಞಾನಿ ಚಾರ್ಲ್ಸ್ ಬ್ರಾಡ್ಲಿ, 1976ರಲ್ಲಿ ತಮ್ಮ ನಿವೃತ್ತಿಯ ದಿನಗಳಿಗಾಗಿ ಆ ಜಮೀನಿನ ಬಳಿ ಬಂದು ಮನೆ ಕಟ್ಟಿಕೊಂಡರು. ಆ ಮನೆಗೆ ಬಳಸಿದ್ದು ತಂದೆತಾಯಿಯೊಡನೆ ನೀನಾ ಎಳೆಯ ವಯಸ್ಸಿನಲ್ಲಿ ನೆಟ್ಟಿದ್ದ ಪೈನ್ ಮರಗಳ ದಿಮ್ಮಿಗಳನ್ನು. ದಟ್ಟವಾಗಿ ಬೆಳೆದ ತೋಪನ್ನು ತೆಳುಗೊಳಿಸಲು ಕಡಿದ ಮರಗಳವು. ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸವನ್ನು ಆಕೆ ಕೈಗೆತ್ತಿಕೊಂಡರು. ತಂದೆಯ ಮರಣದೊಡನೆ ನಿಂತುಹೋಗಿದ್ದ ಋತುಚಿಹ್ನೆಗಳ ಟಿಪ್ಪಣಿಯನ್ನು ಅದೇ ನೆಲದಲ್ಲಿ, ಅವೇ ಹೂಗಳು ಅವೇ ಹಕ್ಕಿಗಳನ್ನು ಕುರಿತು ಮತ್ತೆ ಆರಂಭಿಸಿದರು. ಎರಡನೆಯ ತಲೆಮಾರಿನ ದಂಪತಿಗಳ ಕೈಯಲ್ಲಿ ಹಳೆಯ ಪುಸ್ತಕದ ಹೊಸ ಪುಟಗಳು ತೆರೆದವು.

ಇಪ್ಪತ್ತಕ್ಕೂ ಹೆಚ್ಚು ವಸಂತಗಳು ಕಳೆದ ಮೇಲೆ ನೀನಾ, ತಮ್ಮ ಕಾರ್ಲ್, ಮತ್ತು ಇನ್ನಿಬ್ಬರು ಸಹೋದ್ಯೋಗಿಗಳು ತಂದೆಯ ಕಾಲದ ದಿನಾಂಕಗಳನ್ನೂ ತಮ್ಮ ಕಾಲದ ದಿನಾಂಕಗಳನ್ನೂ ಎದುರುಬದುರಾಗಿಟ್ಟು ಹೋಲಿಸಿದರು. ಅದರ ಫಲ 1999ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರುವತ್ತೊಂದು ವರ್ಷಗಳ ಅವಧಿಯಲ್ಲಿ 55 ಋತುಚಿಹ್ನೆಗಳನ್ನು ಅವರು ಪರಿಶೀಲಿಸಿದ್ದರು. ಒಟ್ಟು ಸರಾಸರಿಯಲ್ಲಿ ವಸಂತದ ಚಿಹ್ನೆಗಳು ವರ್ಷಕ್ಕೆ 0.12 ದಿನದಂತೆ ಮುಂಚೆ ಮುಂಚೆ ಬರುತ್ತಿದ್ದವು. ಇಡೀ ಅವಧಿಗೆ ಸುಮಾರು ಏಳು ದಿನ. ಒಂದು ವರ್ಷಕ್ಕೆ ಮೂರು ಗಂಟೆಗೂ ಕಡಮೆಯಾದ ಈ ಚಲನೆ ಯಾವ ಮನುಷ್ಯನ ನೆನಪಿಗೂ ಸಿಕ್ಕುವಂಥದಲ್ಲ. ಬರೆದಿಟ್ಟ ದಿನಾಂಕಕ್ಕೆ ಮಾತ್ರ ಅದು ಸಿಕ್ಕಿತು.

ಈ ಸರಾಸರಿಗಿಂತಲೂ ಗಮನಿಸಬೇಕಾದ ಸಂಗತಿಯೊಂದಿದೆ. ಎಲ್ಲವೂ ಒಂದೇ ಸಮನಾಗಿ ಮುಂದಕ್ಕೆ ಬಂದಿರಲಿಲ್ಲ. ಕೆಲವು ಬಹಳ ಮುಂಚಿತವಾಗಿದ್ದವು. ಇನ್ನು ಕೆಲವು ಎಲ್ಲಿದ್ದವೋ ಅಲ್ಲಿಯೇ ಇದ್ದವು. ನೆಲ ಗಾಳಿಗಳ ಕಾವನ್ನು ನೋಡಿ ಏಳುವ ಜೀವಿಗಳು ಕಾವು ಹೆಚ್ಚಿದಂತೆ ಬೇಗ ಎದ್ದವು. ಹಗಲಿನ ಉದ್ದವನ್ನು ನೋಡಿ ಏಳುವ ಜೀವಿಗಳಿಗೆ ಹಗಲು ಬದಲಾಗದಿದ್ದುದರಿಂದ ಅವು ಹಳೆಯ ವೇಳೆಯನ್ನೇ ಪಾಲಿಸಿದವು. ಒಂದೇ ಹೊಲದಲ್ಲಿ ಎರಡು ಪಂಚಾಂಗಗಳು ನಡೆಯತೊಡಗಿದಂತಾಯಿತು. ಹೂವಿಗೂ ದುಂಬಿಗೂ, ಹುಳುವಿಗೂ ಮರಿಗೆ ಗುಟುಕು ತರುವ ಹಕ್ಕಿಗೂ ಸಾವಿರಾರು ವರ್ಷಗಳಿಂದ ಕೂಡಿಬಂದ ಮುಹೂರ್ತ ತಪ್ಪಿದರೆ ಆಗುವ ಹಾನಿ ಏನು ಎಂಬ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ. 2012ರ ವಸಂತ ಆ ನಾಡಿನಲ್ಲಿ ಹಿಂದೆಂದೂ ಕಾಣದಷ್ಟು ಬೆಚ್ಚಗಿತ್ತು. ಥೋರೋ ಮತ್ತು ಲಿಯೊಪೋಲ್ಡರ ಟಿಪ್ಪಣಿಗಳೊಡನೆ ಹೋಲಿಸಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಆ ವರ್ಷ ಹತ್ತಾರು ಬಗೆಯ ಹೂಗಳು ದಾಖಲಾದ ಚರಿತ್ರೆಯಲ್ಲೇ ಅತ್ಯಂತ ಮುಂಚಿತವಾಗಿ ಅರಳಿದವೆಂದು ತಿಳಿಸಿತು. ಅದರ ಲೇಖಕರಲ್ಲಿ ನೀನಾ ಅವರ ಹೆಸರೂ ಇದೆ. ಆದರೆ ಆಕೆ 2011ರಲ್ಲಿಯೇ ತೀರಿಕೊಂಡಿದ್ದರು. ಕ್ಯೋಟೋದ ಚೆರಿಯೂ 2021ರಲ್ಲಿ ಮಾರ್ಚ್ 26ಕ್ಕೆ ಪೂರ್ಣವಾಗಿ ಅರಳಿ, ಹನ್ನೆರಡು ನೂರು ವರ್ಷಗಳ ದಾಖಲೆಯನ್ನು ಮುರಿಯಿತು.

ಆ ಭೂಮಿಯ ಕಥೆಯಲ್ಲಿ ಹಾನಿಯ ಸುದ್ದಿ ಮಾತ್ರವೇ ಇರುವುದಲ್ಲ ಎಂಬುದನ್ನೂ ಹೇಳಬೇಕು. 1930ರ ದಶಕದಲ್ಲಿ ವಿಸ್ಕಾನ್ಸಿನ್ನಿನಲ್ಲಿ ಗೂಡುಕಟ್ಟುತ್ತಿದ್ದ ಸ್ಯಾಂಡ್‌ಹಿಲ್ ಕೊಕ್ಕರೆಗಳು ಸುಮಾರು 25 ಜೋಡಿ ಮಾತ್ರ ಉಳಿದಿದ್ದವೆಂದು ಅಂದಿನ ಅಂದಾಜು. ಅವು ಮರೆಯಾಗುವ ದಿನವನ್ನು ನೆನೆದು ಲಿಯೊಪೋಲ್ಡರು 1937ರಲ್ಲಿ ಶೋಕಪ್ರಬಂಧವನ್ನೇ ಬರೆದಿದ್ದರು. ಬೇಟೆಯ ನಿಷೇಧ, ಜೌಗುಭೂಮಿಗಳ ರಕ್ಷಣೆ ಇವುಗಳಿಂದ ಆ ಹಕ್ಕಿಗಳು ಇಂದು ಅಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿವೆ; ಲಿಯೊಪೋಲ್ಡರ ಜಮೀನಿನ ಎದುರಿನ ನದಿಯ ಮರಳುದಿಣ್ಣೆಗಳ ಮೇಲೆ ಶರತ್ಕಾಲದಲ್ಲಿ ಗುಂಪುಗುಂಪಾಗಿ ಇಳಿಯುತ್ತವೆ. ಕೋಳಿಮನೆಯ ಗುಡಿಸಲು 2009ರಲ್ಲಿ ಅಮೆರಿಕದ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕವೆಂದು ಘೋಷಿತವಾಯಿತು. ಐವರು ಮಕ್ಕಳೂ ವಿಜ್ಞಾನದ ಕ್ಷೇತ್ರದಲ್ಲಿ ಹೆಸರು ಮಾಡಿದರು. ಬೆಂಕಿಯ ದಿನ ತಂದೆಯೊಡನೆ ಇದ್ದ ಕಿರಿಯ ಮಗಳು ಎಸ್ಟೆಲ್ಲಾ, ಹಳೆಯ ಮಣ್ಣಿನ ಪದರಗಳಲ್ಲಿ ಉಳಿದ ಪರಾಗವನ್ನು ಓದುವ ವಿದ್ಯೆಯಲ್ಲಿ ದೊಡ್ಡ ವಿದ್ವಾಂಸೆಯಾಗಿ, ತೊಂಬತ್ತೇಳನೆಯ ವಯಸ್ಸಿನಲ್ಲಿ 2024ರಲ್ಲಿ ತೀರಿಕೊಂಡರು.

ಈ ಕಥೆಯನ್ನು ಓದಿದ ಕನ್ನಡ ಅಧ್ಯಾಪಕನೊಬ್ಬನಿಗೆ ತನ್ನ ನಾಡಿನ ಪರಂಪರೆಯ ಕಡೆ ಕಣ್ಣು ಹೊರಳುವುದು ಸಹಜ. ವಸಂತವನ್ನು ನಾವು ಕಡೆಗಣಿಸಿದವರಲ್ಲ. ಮಾವು, ಮಲ್ಲಿಗೆ, ಕೋಗಿಲೆ, ದುಂಬಿಗಳಿಲ್ಲದ ಕನ್ನಡ ಚಂಪೂ ಕಾವ್ಯವೇ ಇಲ್ಲ. ಪಂಪನ ಬನವಾಸಿಯ ನೆನಪಿಗೆ ವಸಂತದ ಗಂಧವಿದೆ. ಕ್ರಿ.ಶ. 1025ರ ಸುಮಾರಿಗೆ, ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯನೆಂಬ ಕವಿ ರಚಿಸಿದ 'ಲೋಕೋಪಕಾರ'ದಲ್ಲಿ ಅಂತರ್ಜಲವನ್ನು ಕಂಡುಹಿಡಿಯುವ ಲಕ್ಷಣಗಳಿವೆ, ಮರಗಿಡಗಳ ಆರೈಕೆಯ ಶಾಸ್ತ್ರವಿದೆ. ನಮ್ಮ ರೈತರ ಮಳೆಗಾದೆಗಳಲ್ಲಿ ನೂರಾರು ವರ್ಷಗಳ ಅವಲೋಕನ ಅಡಗಿದೆ. ಆದರೆ ಕವಿಗೆ ಬೇಕಾದದ್ದು ಎಲ್ಲ ವಸಂತಗಳಿಗೂ ಸಲ್ಲುವ ಒಂದು ವಸಂತ; ಗಾದೆಗೆ ಬೇಕಾದದ್ದು ಎಲ್ಲ ವರ್ಷಗಳಿಗೂ ಸಲ್ಲುವ ಒಂದು ನಿಯಮ. ಇಂಥ ವರ್ಷ ಇಂಥ ದಿನ ಎಂಬ ನಿರ್ದಿಷ್ಟತೆ ಅವೆರಡರ ಗುರಿಯಲ್ಲ.

ನಿರ್ದಿಷ್ಟತೆ ನಮಗೆ ತಿಳಿಯದ ವಿದ್ಯೆಯೆಂದೂ ಹೇಳುವಂತಿಲ್ಲ. ಕರ್ನಾಟಕದ ಶಾಸನಗಳನ್ನು ನೋಡಿ: ಭೂಮಿಯನ್ನು ದತ್ತಿ ಬಿಟ್ಟ ದಿನದ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಅಂದು ಸಂಕ್ರಮಣವೋ ಗ್ರಹಣವೋ ಎಂಬುದು, ಭೂಮಿಯ ಚತುಸ್ಸೀಮೆಯಲ್ಲಿ ಯಾವ ಹಳ್ಳ, ಯಾವ ಹುಣಿಸೆಮರ, ಯಾವ ಹುತ್ತ ಎಂಬುದು ಕಲ್ಲಿನ ಮೇಲೆ ನಿಂತಿದೆ. ಗಡಿಯ ಮರವನ್ನು ಅಷ್ಟು ಕಟ್ಟುನಿಟ್ಟಾಗಿ ಗುರುತಿಸಿದವರು ಆ ಮರ ಆ ವರ್ಷ ಯಾವ ದಿನ ಚಿಗುರಿತೆಂದು ಬರೆಯುವ ಅಗತ್ಯ ಕಾಣಲಿಲ್ಲ. ಚಿಗುರುವುದು ತಪ್ಪದೆ ನಡೆಯುವ ಸಂಗತಿಯೆಂಬ ನಂಬಿಕೆ ಆಗ ಇತ್ತು. ಆ ನಂಬಿಕೆಗೆ ಈಗ ಪೆಟ್ಟು ಬಿದ್ದಿದೆ. ಮಾವು ಈ ವರ್ಷ ಬೇಗ ಹೂ ಬಿಟ್ಟಿತು, ಹೊಂಗೆ ತಡವಾಯಿತು, ಮೊದಲಿನ ಮಳೆ ಮೊದಲಿನಂತಿಲ್ಲ ಎಂದು ಹಳ್ಳಿಗಳಲ್ಲಿ ಎಲ್ಲರೂ ಹೇಳುವುದನ್ನು ಕೇಳುತ್ತೇವೆ. ಮೊದಲು ಎಂದರೆ ಯಾವಾಗ, ಎಷ್ಟು ದಿನದ ವ್ಯತ್ಯಾಸ ಎಂದು ಕೇಳಿದರೆ ಉತ್ತರ ಕೊಡಬಲ್ಲ ಬರವಣಿಗೆ ನಮ್ಮ ಮನೆಗಳಲ್ಲಿ ಬಹಳ ವಿರಳ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಪಟ್ಟೆತಲೆ ಹೆಬ್ಬಾತುಗಳು ಪ್ರತಿ ಚಳಿಗಾಲ ಬರುತ್ತವೆ. 2024ರಲ್ಲಿ ಆ ಕೆರೆ ಅಂತಾರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ವಿಸ್ಕಾನ್ಸಿನ್ನಿನಲ್ಲಿ ಹೆಬ್ಬಾತು ಬಂದರೆ ವಸಂತ; ನಮ್ಮಲ್ಲಿ ಹೆಬ್ಬಾತು ಹೊರಟರೆ ವಸಂತ. ಆ ಹಕ್ಕಿಗಳು ಹೊರಡುವ ಹೊತ್ತಿಗೆ ಸುತ್ತಲಿನ ಹೊಲಗಳಲ್ಲಿ ಮಾಗಿಯ ಉಳುಮೆ, ಬದುಗಳ ದುರಸ್ತಿ, ಗೊಬ್ಬರ ಹೇರುವ ಕೆಲಸ ನಡೆಯುತ್ತಿರುತ್ತದೆ. ಆ ಕೆಲಸಕ್ಕೆ ಹೋಗುವ ಗಂಡಹೆಂಡಿರ ಕಣ್ಣಿಗೆ ಕೊನೆಯ ಗುಂಪು ಎದ್ದು ಉತ್ತರಕ್ಕೆ ಹೋದ ಬೆಳಗು ಕಾಣದಿರುವುದಿಲ್ಲ. ಗೋಡೆಯ ಮೇಲೆ ತೂಗುವ ಪಂಚಾಂಗದ ಆ ತಾರೀಖಿನ ಮನೆಯಲ್ಲಿ, ಹಾಲಿನ ಲೆಕ್ಕ, ಕೂಲಿಯ ಲೆಕ್ಕ ಬರೆಯುವ ಕಡೆಯಲ್ಲಿಯೇ, ಅದನ್ನೂ ಒಂದು ಸಾಲು ಬರೆಯಬಹುದು. ಮರಗಳ ಚಿಗುರು, ಹೂ, ಕಾಯಿಗಳನ್ನು ವಾರವಾರವೂ ಗುರುತಿಡುವ 'ಸೀಸನ್‌ವಾಚ್' ಎಂಬ ಕಾರ್ಯಕ್ರಮದಲ್ಲಿ ನಮ್ಮ ದೇಶದ ಶಾಲಾಮಕ್ಕಳು ಪಾಲುಗೊಳ್ಳುತ್ತಿರುವುದು ಸಂತೋಷದ ಸಂಗತಿ. ಅದು ಮನೆಮನೆಗೂ ಬರಬೇಕಾದ ಅಭ್ಯಾಸ.

ಲಿಯೊಪೋಲ್ಡ್ ದಂಪತಿಗಳು ತಮ್ಮ ಟಿಪ್ಪಣಿ ಹವೆಯ ಬದಲಾವಣೆಗೆ ಸಾಕ್ಷ್ಯವಾದೀತೆಂದು ಬರೆದವರಲ್ಲ. ಹಾಳಾದ ಭೂಮಿಯೊಂದನ್ನು ಮೊದಲಿನಂತೆ ಮಾಡಬೇಕೆಂದು ಹೊರಟವರಿಗೆ ಅದು ಹೇಗಿದೆಯೆಂದು ದಿನದಿನವೂ ವಿಚಾರಿಸಬೇಕಾಗಿತ್ತು. ಕಾಯಿಲೆಯವರ ಹಾಸಿಗೆಯ ಬಳಿ ಕುಳಿತವರು ಜ್ವರ ಎಷ್ಟಿದೆಯೆಂದು ಬರೆದಿಡುವಂತೆ ಅವರು ಬರೆದಿಟ್ಟರು. ಉಪಯೋಗ ಆಮೇಲೆ ಬಂದಿತು; ಅದನ್ನು ಕಾಣಲು ಅವರಿಬ್ಬರೂ ಉಳಿದಿರಲಿಲ್ಲ. ನೆಟ್ಟ ಮರದ ನೆರಳಿಗೂ ಬರೆದ ಲೆಕ್ಕದ ಫಲಕ್ಕೂ ಈ ಸ್ವಭಾವ ಸಮಾನ. ಬರುವ ಯುಗಾದಿಗೆ ಬೇವು ಬೆಲ್ಲದ ಬಟ್ಟಲಿಗೆ ಬೇವಿನ ಹೂ ಕೊಯ್ಯುವವರು ಅದು ಎಂದು ಅರಳಿತೆಂಬುದನ್ನು ಹೊಸ ಪಂಚಾಂಗದ ಮೊದಲ ಪುಟದಲ್ಲಿ ಬರೆದಿಟ್ಟರೆ ಈ ಮಾತುಗಳನ್ನು ಆಡಿದ್ದು ಸಾರ್ಥಕವಾದೀತು.